ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು: ಏರ್‌ಲೈನ್‌ಗಳ ಸಂಬಂಧ ಬದಲಾದರೆ ಪ್ರಯಾಣಿಕರಿಗೆ ಏನಾಗುತ್ತದೆ?

ನನ್ನ ಚಿಕ್ಕಮ್ಮ ಸಾಗರದವರು. ಮಗಳ ಬಾಣಂತನಕ್ಕೆಂದು ಯುರೋಪಿಗೆ ಹೊರಟಿದ್ದರು. ಒಬ್ಬರೇ ಹೋಗಬೇಕು, ಇಂಗ್ಲಿಷ್ ಅಷ್ಟಕ್ಕಷ್ಟೆ, ಮಂಡಿನೋವು ಬೇರೆ. ಅದಕ್ಕೇ ನಾಲ್ಕು ತಿಂಗಳು ಮುಂಚೆಯೇ, ಒಂದೇ ಕಡೆ ಇಳಿದು ಹತ್ತುವಂಥ ಟಿಕೆಟ್ ಹುಡುಕಿ ತೆಗೆದಿದ್ದೆವು. ವೀಲ್‌ಚೇರ್ ಬೇಕೆಂದು ಹೇಳಿಟ್ಟಿದ್ದೆವು. ಇನ್ನೇನೂ ಕೆಲಸ ಬಾಕಿ ಇಲ್ಲ ಅಂದುಕೊಂಡಿದ್ದೆವು.

ಹೊರಡಲು ಆರು ವಾರ ಇದ್ದಾಗ ಒಂದು ಸಂಜೆ ಸುಮ್ನೆ ಬುಕಿಂಗ್ ತೆರೆದು ನೋಡಿದೆ. ಎರಡನೇ ವಿಮಾನವೇ ಬದಲಾಗಿತ್ತು. ಈಗ ಲಂಡನ್ ಮೇಲೆ ಹೋಗಬೇಕು ಎಂದು ತೋರಿಸುತ್ತಿತ್ತು. ಟಿಕೆಟ್ ಮಾರಿದ ಏರ್‌ಲೈನ್‌ಗೂ ಎರಡನೇ ವಿಮಾನ ಹಾರಿಸುತ್ತಿದ್ದ ಏರ್‌ಲೈನ್‌ಗೂ ಆ ಮಾರ್ಗದಲ್ಲಿದ್ದ ಒಪ್ಪಂದ ಮುಗಿದಿತ್ತು. ಕಂಪ್ಯೂಟರ್ ತನಗೆ ಸಿಕ್ಕ ಇನ್ನೊಂದು ದಾರಿಗೆ ಅವರನ್ನು ಹಾಕಿಬಿಟ್ಟಿತ್ತು. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಲಂಡನ್ನಿನಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಚಿಕ್ಕಮ್ಮನ ಹತ್ತಿರ ಇದ್ದದ್ದು ಶೆಂಗೆನ್ ಪ್ರವಾಸಿ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಬ್ರಿಟನ್ ಅದರಲ್ಲಿಲ್ಲ. ಅದು ಸಾಲದು. ಆ ಟಿಕೆಟ್ ಹಿಡಿದು ಹೋಗಿದ್ದರೆ ಬೆಂಗಳೂರಿನ ಚೆಕ್‌ಇನ್ ಕೌಂಟರ್‌ನಿಂದಲೇ ವಾಪಸ್ ಕಳಿಸುತ್ತಿದ್ದರು.

ಎರಡು ದಿನ ಫೋನ್ ಮಾಡಿದೆ. ಮಾರಿದ ವೆಬ್‌ಸೈಟ್‌ನವರು "ಏರ್‌ಲೈನ್ ಕೇಳಿ" ಎಂದರು. ವಿಮಾನ ಹಾರಿಸುವವರು "ಟಿಕೆಟ್ ನಮ್ಮದಲ್ಲ" ಎಂದರು. ಕೊನೆಗೆ ಇ-ಟಿಕೆಟ್ ಮೇಲಿದ್ದ ಒಂದು ನಂಬರ್ ನೋಡಿ, ಸರಿಯಾದ ಕಂಪನಿಗೆ ಫೋನ್ ಮಾಡಿದ ಮೇಲೆ ಕೆಲಸ ಆಯಿತು. ಆ ನಂಬರ್ ಬಗ್ಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು, ಓದಲು ಹೋಗುವ ಮಕ್ಕಳನ್ನು ವಿಮಾನ ಹತ್ತಿಸುವ ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲ.

ಒಂದು ಟಿಕೆಟ್, ಮೂರು ಕಂಪನಿ

ರಾತ್ರಿ ಬಸ್ಸಿಗೆ ಸೀಟ್ ಬುಕ್ ಮಾಡಿದ ಅನುಭವ ಎಲ್ಲರಿಗೂ ಇರುತ್ತದೆ. ಆ್ಯಪ್‌ನಲ್ಲಿ ದುಡ್ಡು ಕೊಟ್ಟಿರುತ್ತೇವೆ. ಟಿಕೆಟ್ ಮೇಲೆ ಒಂದು ಟ್ರಾವೆಲ್ಸ್ ಹೆಸರಿರುತ್ತದೆ. ಆನಂದರಾವ್ ಸರ್ಕಲ್‌ಗೆ ಹೋದರೆ ಬರುವ ಬಸ್ಸು ಇನ್ನೊಂದು ಟ್ರಾವೆಲ್ಸ್‌ನದು. ಬಸ್ಸು ಕೆಟ್ಟು ನಿಂತರೆ ಯಾರನ್ನು ಕೇಳಬೇಕು ಅನ್ನುವುದೇ ಪ್ರಶ್ನೆ.

ಅಂತರರಾಷ್ಟ್ರೀಯ ವಿಮಾನದಲ್ಲೂ ಹೀಗೇ ಮೂರು ಪಾತ್ರ ಇರುತ್ತವೆ. ವಿಮಾನಕ್ಕೆ ತನ್ನ ನಂಬರ್ ಹಾಕಿ ಮಾರುವ ಕಂಪನಿ ಒಂದು. ನಿಜವಾಗಿ ವಿಮಾನ ಹಾರಿಸುವ ಕಂಪನಿ ಇನ್ನೊಂದು. ಟಿಕೆಟ್ ಬರೆದುಕೊಟ್ಟ ಕಂಪನಿ ಮೂರನೆಯದು. ಬಹಳ ಸಲ ಈ ಮೂರೂ ಒಂದೇ ಆಗಿರುತ್ತವೆ. ಆಗ ತಲೆಬಿಸಿ ಇಲ್ಲ. ಬೇರೆ ಬೇರೆ ಆದಾಗಲೇ ತೊಡಕು.

ಹಾರಿಸುವವರು ಯಾರು ಅನ್ನುವುದು ಬುಕ್ ಮಾಡುವಾಗ "ಆಪರೇಟೆಡ್ ಬೈ" ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಟಿಕೆಟ್ ಕೊಟ್ಟವರು ಯಾರು ಅನ್ನುವುದು ಟಿಕೆಟ್ ನಂಬರ್‌ನಲ್ಲಿ ಇರುತ್ತದೆ. ಆರು ಅಕ್ಷರ, ಅಂಕಿಗಳ ಪಿಎನ್‌ಆರ್ ಬೇರೆ, ಇದು ಬೇರೆ. ಇದು 13 ಅಂಕಿಗಳ ನಂಬರ್. ಮೊದಲ ಮೂರು ಅಂಕಿ ಕಂಪನಿಯ ಗುರುತು. 098 ಇದ್ದರೆ ಏರ್ ಇಂಡಿಯಾ. 220 ಲುಫ್ತಾನ್ಸಾ. 176 ಎಮಿರೇಟ್ಸ್. 157 ಕತಾರ್ ಏರ್‌ವೇಸ್. 618 ಸಿಂಗಪುರ ಏರ್‌ಲೈನ್ಸ್. 125 ಬ್ರಿಟಿಷ್ ಏರ್‌ವೇಸ್. ನೀವು ಯಾವ ವೆಬ್‌ಸೈಟ್‌ನಲ್ಲಿ ಕೊಂಡರೂ, ಯಾವ ಏಜೆಂಟ್ ಹತ್ತಿರ ತೆಗೆದರೂ ಈ ಮೂರು ಅಂಕಿ ಇದ್ದೇ ಇರುತ್ತವೆ.

ಇದು ಯಾಕೆ ಮುಖ್ಯ? ದುಡ್ಡು ಮೊದಲು ಸೇರುವುದು ಈ ಕಂಪನಿಗೆ. ನೀವು ಹಾರಿದ ಮೇಲೆ, ಹಾರಿಸಿದ ಕಂಪನಿ ತನ್ನ ಪಾಲನ್ನು ಇವರಿಂದ ವಸೂಲಿ ಮಾಡಿಕೊಳ್ಳುತ್ತದೆ. ಈ ಲೆಕ್ಕಾಚಾರಕ್ಕೆಂದೇ ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಒಂದು ಕ್ಲಿಯರಿಂಗ್ ಹೌಸ್ ನಡೆಸುತ್ತದೆ. ಆದ್ದರಿಂದ ನೀವು ಹಾರುವ ಮುಂಚೆ ಏನೇ ಬದಲಾದರೂ ಟಿಕೆಟ್ ತಿದ್ದುವ ಅಧಿಕಾರ, ದುಡ್ಡು ವಾಪಸ್ ಕೊಡುವ ಜವಾಬ್ದಾರಿ ಟಿಕೆಟ್ ಕೊಟ್ಟವರದು. ಏಜೆಂಟ್ ಮೂಲಕ ಕೊಂಡಿದ್ದರೆ ಫೋನ್ ಅವರ ಮೂಲಕ ಹೋಗಬೇಕಾಗಬಹುದು. ಆದರೂ ಬೀಗದ ಕೈ ಇರುವುದು ಆ ಮೂರು ಅಂಕಿಯ ಕಂಪನಿ ಹತ್ತಿರ.

ಈ ವ್ಯವಸ್ಥೆ ಮುರಿದರೆ ಏನಾಗುತ್ತದೆ ಅನ್ನುವುದನ್ನು ಬೆಂಗಳೂರಿನವರು ಹತ್ತಿರದಿಂದ ನೋಡಿದ್ದಾರೆ. ಕಿಂಗ್‌ಫಿಷರ್ ಏರ್‌ಲೈನ್ಸ್ ನಮ್ಮ ಊರಿನ ಕಂಪನಿ. 2012ರ ಫೆಬ್ರವರಿಯಲ್ಲಿ ಅದು ಒನ್‌ವರ್ಲ್ಡ್ ಎಂಬ ಜಾಗತಿಕ ಒಕ್ಕೂಟ ಸೇರಬೇಕಿತ್ತು. ಇನ್ನು ಕೆಲವೇ ದಿನ ಇದೆ ಅನ್ನುವಾಗ ಅದು ತಡೆಬಿತ್ತು. ಬಾಕಿ ಹಣ ಕಟ್ಟದ ಕಾರಣ ಕ್ಲಿಯರಿಂಗ್ ಹೌಸ್‌ನಿಂದಲೂ ಹೊರಗೆ ಹಾಕಿದರು. ಆಮೇಲೆ ಬೇರೆ ಏರ್‌ಲೈನ್‌ಗಳು ಅದರ ಟಿಕೆಟ್ ಒಪ್ಪುವುದು ಹೇಗೆ? ದುಡ್ಡು ಬರುವ ಖಾತ್ರಿಯೇ ಇಲ್ಲವಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು.

ಸಂಬಂಧದಲ್ಲಿ ಮೆಟ್ಟಿಲುಗಳಿವೆ

"ಪಾರ್ಟ್‌ನರ್" ಎಂದು ವೆಬ್‌ಸೈಟ್‌ನಲ್ಲಿ ಬರೆದಿದ್ದರೆ ಅದರ ಅರ್ಥ ನಾಲ್ಕು ತರಹ ಇರಬಹುದು. ತೀರಾ ಕೆಳಗಿನ ಮೆಟ್ಟಿಲು ಇಂಟರ್‌ಲೈನ್. ಇಬ್ಬರೂ ಒಬ್ಬರ ಟಿಕೆಟ್ ಒಬ್ಬರು ಒಪ್ಪುತ್ತಾರೆ, ಲಗೇಜನ್ನು ಕೊನೆಯ ಊರಿನವರೆಗೆ ದಾಟಿಸುತ್ತಾರೆ. ಅಷ್ಟೆ. ಅದರ ಮೇಲಿನದು ಕೋಡ್‌ಶೇರ್. ಇಲ್ಲಿ ಒಬ್ಬರ ವಿಮಾನಕ್ಕೆ ಇನ್ನೊಬ್ಬರು ತಮ್ಮ ನಂಬರ್ ಹಾಕಿ ತಮ್ಮದೇ ಎಂಬಂತೆ ಮಾರುತ್ತಾರೆ. ಇದು ಎಲ್ಲ ಮಾರ್ಗಕ್ಕೂ ಇರುವುದಿಲ್ಲ. ಯಾವ ಊರಿಂದ ಯಾವ ಊರಿಗೆ ಎಂದು ಪಟ್ಟಿ ಮಾಡಿ ಒಪ್ಪಂದ ಆಗಿರುತ್ತದೆ. ಆ ಪಟ್ಟಿಯಿಂದ ಒಂದು ಊರು ಬಿಟ್ಟುಹೋದರೆ ಪೇಪರಿನಲ್ಲಿ ಸುದ್ದಿಯೂ ಬರುವುದಿಲ್ಲ. ಚಿಕ್ಕಮ್ಮನಿಗೆ ಆದದ್ದು ಅದೇ.

ಮೂರನೆಯದು ಒಕ್ಕೂಟ. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಶುರುವಾದವು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಒಕ್ಕೂಟದ ಲಾಭ ಮುಖ್ಯವಾಗಿ ಹಾರಿದಂತೆಲ್ಲ ಕೂಡುವ, ಮುಂದೆ ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್ಸ್, ಲೌಂಜ್, ಹೆಚ್ಚುವರಿ ಲಗೇಜ್ ಇಂಥವು. ಇಂಡಿಗೊ ಯಾವ ಒಕ್ಕೂಟದಲ್ಲೂ ಇಲ್ಲದೆ, ಒಬ್ಬೊಬ್ಬರ ಜೊತೆ ಬೇರೆ ಬೇರೆ ಕೋಡ್‌ಶೇರ್ ಮಾಡಿಕೊಂಡು ಬೆಳೆದ ಕಂಪನಿ. 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಾಸ್ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರು ಮಾಡಿದಾಗ ಒಳನಾಡಿನ ಊರುಗಳ ಜನರನ್ನು ಅದಕ್ಕೆ ತಂದು ಸೇರಿಸಲು ಇಂಡಿಗೊ ಜೊತೆ ಕೈ ಜೋಡಿಸಿತು.

ಮೇಲಿನ ಮೆಟ್ಟಿಲು ಜಾಯಿಂಟ್ ವೆಂಚರ್. ಅಲ್ಲಿ ಕಂಪನಿಗಳು ದರ, ವೇಳಾಪಟ್ಟಿ ಎರಡನ್ನೂ ಒಟ್ಟಿಗೆ ಕೂತು ತೀರ್ಮಾನಿಸಿ, ಆದಾಯವನ್ನೂ ಹಂಚಿಕೊಳ್ಳುತ್ತವೆ. ಪೈಪೋಟಿ ಮಾಡಬೇಕಾದವರು ಹೀಗೆ ಮಾಡಲು ಸರ್ಕಾರದ ವಿಶೇಷ ಅನುಮತಿ ಬೇಕು. ಅಮೆರಿಕದಲ್ಲಿ ನಾರ್ತ್‌ವೆಸ್ಟ್ ಮತ್ತು ಕೆಎಲ್‌ಎಂ ಕಂಪನಿಗಳಿಗೆ 1993ರಲ್ಲಿ ಅಂಥ ಅನುಮತಿ ಸಿಕ್ಕಿತು. ಈಗ ಅಟ್ಲಾಂಟಿಕ್ ದಾಟುವ ದೊಡ್ಡ ಕಂಪನಿಗಳು ಬಹುಪಾಲು ಇಂಥ ಮೂರು ಗುಂಪುಗಳಲ್ಲಿವೆ. ಲುಫ್ತಾನ್ಸಾ ಮತ್ತು ಯುನೈಟೆಡ್ ಒಂದೇ ಗುಂಪು. ಬ್ರಿಟಿಷ್ ಏರ್‌ವೇಸ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಒಂದೇ ಗುಂಪು. ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ, ವರ್ಜಿನ್ ಅಟ್ಲಾಂಟಿಕ್ ಇನ್ನೊಂದು. ಅಮೆರಿಕಕ್ಕೆ ಟಿಕೆಟ್ ನೋಡುವಾಗ ಎರಡು ಹೆಸರು ಕಂಡರೆ ಎರಡು ದರ ಹೋಲಿಸಿದಂತೆ ಅನಿಸುತ್ತದೆ. ಇಬ್ಬರೂ ಒಂದೇ ಗುಂಪಿನವರಾಗಿದ್ದರೆ ಅದು ನಿಜವಾದ ಹೋಲಿಕೆ ಅಲ್ಲ. ಬೇರೆ ಗುಂಪಿನ ದರ, ಗಲ್ಫ್ ಮೇಲೆ ಹೋಗುವ ದರ ನೋಡಿ. ಆಗ ವ್ಯತ್ಯಾಸ ಗೊತ್ತಾಗುತ್ತದೆ.

ಮನೆ ಬದಲಿಸಿದವರು

ಇತ್ತೀಚೆಗೆ ತುಂಬ ಜನರಿಗೆ ತಟ್ಟಿದ ಬದಲಾವಣೆ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನದು, ಅಂದರೆ ಎಸ್‌ಎಎಸ್‌ನದು. ಸ್ಟಾರ್ ಅಲಯನ್ಸ್ ಕಟ್ಟಿದ ಐದು ಕಂಪನಿಗಳಲ್ಲಿ ಅದೂ ಒಂದು. ಸಾಲದಲ್ಲಿ ಮುಳುಗಿ 2022ರಲ್ಲಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ರಕ್ಷಣೆ ಕೇಳಿತು. ಹೊಸದಾಗಿ ಹಣ ಹಾಕಿದವರಲ್ಲಿ ಏರ್ ಫ್ರಾನ್ಸ್-ಕೆಎಲ್‌ಎಂ ಇತ್ತು. ಅವರು ಇರುವುದು ಸ್ಕೈಟೀಮ್‌ನಲ್ಲಿ. 2024ರ ಆಗಸ್ಟ್ 31ಕ್ಕೆ ಎಸ್‌ಎಎಸ್ ಸ್ಟಾರ್ ಅಲಯನ್ಸ್ ಬಿಟ್ಟಿತು. ಮರುದಿನವೇ ಸ್ಕೈಟೀಮ್ ಸೇರಿತು.

ಒಂದೇ ರಾತ್ರಿಯಲ್ಲಿ ಏನೇನು ಬದಲಾಯಿತು ನೋಡಿ. ಎಸ್‌ಎಎಸ್ ಪಾಯಿಂಟ್ಸ್ ಕೂಡಿಸಿದ್ದವರು ಅವನ್ನು ಸ್ಟಾರ್ ಅಲಯನ್ಸ್‌ನ ವಿಮಾನಗಳಲ್ಲಿ ಹೊಸದಾಗಿ ಬಳಸುವ ದಾರಿ ಮುಚ್ಚಿತು. ಏರ್ ಇಂಡಿಯಾದ ಗೋಲ್ಡ್ ಕಾರ್ಡ್ ಇದ್ದವರಿಗೆ ಎಸ್‌ಎಎಸ್ ವಿಮಾನದಲ್ಲಿ ಸಿಗುತ್ತಿದ್ದ ಸ್ಟಾರ್ ಗೋಲ್ಡ್ ಸೌಲಭ್ಯ ನಿಂತಿತು. ಸ್ಟಾಕ್‌ಹೋಮ್‌ನಲ್ಲಿರುವ ಕನ್ನಡಿಗರು ಪಾಯಿಂಟ್ಸ್ ಲೆಕ್ಕ ಹಾಕುವಾಗ ಫ್ರಾಂಕ್‌ಫರ್ಟ್ ಬಿಟ್ಟು ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್ ಕಡೆ ನೋಡಬೇಕಾಯಿತು.

ಆದರೆ ಒಕ್ಕೂಟ ಬಿಟ್ಟರೆ ಎಲ್ಲ ಸಂಬಂಧವೂ ಹರಿಯಿತು ಅಂತಲ್ಲ. ದಕ್ಷಿಣ ಅಮೆರಿಕದ ಲಾಟಂ ಕಂಪನಿಯಲ್ಲಿ ಡೆಲ್ಟಾ ಪಾಲು ಕೊಂಡ ಮೇಲೆ, 2020ರ ಮೇ 1ರಂದು ಲಾಟಂ ಒನ್‌ವರ್ಲ್ಡ್‌ನಿಂದ ಹೊರಬಂತು. ಆದರೂ ಅದೇ ಒಕ್ಕೂಟದ ಕತಾರ್ ಏರ್‌ವೇಸ್ ಜೊತೆ ಅದರ ಸಂಬಂಧ ಉಳಿಯಿತು. ಪತ್ರಿಕೆಯಲ್ಲಿ "ಒಕ್ಕೂಟ ತೊರೆದ ಏರ್‌ಲೈನ್" ಎಂಬ ಸುದ್ದಿ ಓದಿ ತಕ್ಷಣ ಟಿಕೆಟ್ ರದ್ದು ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ನಾವಾಗಿ ರದ್ದು ಮಾಡಿದರೆ ದಂಡ ನಮ್ಮದು. ಅವರು ಬದಲಿಸಿದರೆ ಆಯ್ಕೆ ಕೇಳುವ ಹಕ್ಕು ನಮ್ಮದು. ಇದು ಸಣ್ಣ ವ್ಯತ್ಯಾಸ ಅಲ್ಲ.

ನಮ್ಮ ದೇಶದಲ್ಲಿ ವಿಸ್ತಾರ ಏರ್‌ಲೈನ್ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಯುಕೆ ಎಂಬ ಅಕ್ಷರಗಳಿಂದ ಶುರುವಾಗುತ್ತಿದ್ದ ಅದರ ವಿಮಾನ ನಂಬರ್‌ಗಳಿಗೆ ಎಐ ಬಂತು, ಅಂಕಿಗಳ ಮೊದಲಿಗೆ 2 ಸೇರಿತು. ಯುಕೆ 955 ಇದ್ದದ್ದು ಎಐ 2955 ಆಯಿತು. ಮುಂದಿನ ದಿನಗಳ ಟಿಕೆಟ್‌ಗಳನ್ನು ಏರ್ ಇಂಡಿಯಾ ಹೆಸರಿಗೆ ಬದಲಿಸಿದರು. ಕ್ಲಬ್ ವಿಸ್ತಾರ ಪಾಯಿಂಟ್ಸ್ ಏರ್ ಇಂಡಿಯಾದ ಮಹಾರಾಜ ಕ್ಲಬ್‌ಗೆ ಹೋದವು. ಇಲ್ಲಿ ಒಂದು ಲಾಭವೂ ಇತ್ತು. ವಿಸ್ತಾರ ಯಾವ ಒಕ್ಕೂಟದಲ್ಲೂ ಇರಲಿಲ್ಲ. ಸೇರಿದ ಮೇಲೆ ಅದರ ಹಳೆಯ ಗ್ರಾಹಕರಿಗೂ ಸ್ಟಾರ್ ಅಲಯನ್ಸ್ ಬಾಗಿಲು ತೆರೆಯಿತು.

ಇದಕ್ಕೆ ಹೋಲಿಸಿದರೆ ಜೆಟ್ ಏರ್‌ವೇಸ್ ಕಥೆ ನೋವಿನದು. 2013ರಲ್ಲಿ ಅಬುಧಾಬಿಯ ಎತಿಹಾದ್ ಕಂಪನಿ ಅದರ 24% ಪಾಲು ಕೊಂಡಿತ್ತು. ಏರ್ ಫ್ರಾನ್ಸ್, ಕೆಎಲ್‌ಎಂ ಜೊತೆಗೂ ಒಪ್ಪಂದ ಇತ್ತು. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಜೆಟ್ ನೇರವಾಗಿ ಹಾರುತ್ತಿತ್ತು. 2019ರ ಏಪ್ರಿಲ್ 17ರಂದು ಎಲ್ಲ ನಿಂತುಹೋಯಿತು. ಜೆಟ್‌ನ ಹೆಸರಲ್ಲೇ ಟಿಕೆಟ್ ಇದ್ದವರು ಮುಳುಗಿದ ಕಂಪನಿಯಿಂದ ದುಡ್ಡಿಗಾಗಿ ಕಾಯಬೇಕಾಯಿತು. ಅದೇ ವಿಮಾನಕ್ಕೆ ಪಾಲುದಾರ ಕಂಪನಿ ಬರೆದುಕೊಟ್ಟ ಟಿಕೆಟ್ ಇದ್ದವರ ಸ್ಥಿತಿ ಬೇರೆ. ಟಿಕೆಟ್ ಕೊಟ್ಟ ಕಂಪನಿ ಇನ್ನೂ ನಡೆಯುತ್ತಿತ್ತಲ್ಲ, ಕೇಳಲು ಒಬ್ಬರಿದ್ದರು. ಒಂದೇ ವಿಮಾನ, ಅಕ್ಕಪಕ್ಕದ ಸೀಟು, ಆದರೆ ಟಿಕೆಟ್‌ನ ಮೊದಲ ಮೂರು ಅಂಕಿ ಬೇರೆ.

ಕೆಲವೊಮ್ಮೆ ಕಾರಣ ವ್ಯಾಪಾರವೂ ಅಲ್ಲ. ಇಂಡಿಗೊ ಮತ್ತು ಟರ್ಕಿಶ್ ಏರ್‌ಲೈನ್ಸ್ ನಡುವೆ ಕೋಡ್‌ಶೇರ್ ಇತ್ತು. ಜೊತೆಗೆ ದೆಹಲಿ, ಮುಂಬೈಯಿಂದ ಇಸ್ತಾಂಬುಲ್‌ಗೆ ಇಂಡಿಗೊ ಹೆಸರಲ್ಲಿ ಹಾರುತ್ತಿದ್ದ ಎರಡು ದೊಡ್ಡ ವಿಮಾನಗಳು ಟರ್ಕಿಶ್‌ನಿಂದ ಬಾಡಿಗೆಗೆ ಪಡೆದವು. 2025ರ ಮೇ ತಿಂಗಳಲ್ಲಿ ಭಾರತ ಮತ್ತು ಟರ್ಕಿ ಸಂಬಂಧ ಹದಗೆಟ್ಟಾಗ, ಆ ಬಾಡಿಗೆ ವ್ಯವಸ್ಥೆಗೆ ಸರ್ಕಾರ ಮೂರು ತಿಂಗಳ ಗಡುವು ಕೊಟ್ಟಿತು. ಆಮೇಲೆ ಅದನ್ನು 2026ರ ಫೆಬ್ರವರಿವರೆಗೆ ಮುಂದೂಡಿತು. ಇಸ್ತಾಂಬುಲ್ ಮೇಲೆ ಯುರೋಪಿಗೋ ಅಮೆರಿಕಕ್ಕೋ ಟಿಕೆಟ್ ತೆಗೆದಿದ್ದವರು ಆ ದಿನಗಳಲ್ಲಿ ಎಷ್ಟು ಆತಂಕಪಟ್ಟಿರಬೇಕು! ಎರಡು ದೇಶಗಳ ನಡುವಿನ ಮಾತು ಕೆಟ್ಟರೆ ಅದು ನೇರವಾಗಿ ಟಿಕೆಟ್‌ಗೆ ಬಂದು ಬಡಿಯುತ್ತದೆ.

ಲಗೇಜ್, ಹಕ್ಕು, ಪರಿಹಾರ

ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬೆಂಗಳೂರಿಗೆ ಬಂದು ವಿದೇಶಕ್ಕೆ ಹಾರುವವರಿಗೆ ಪಾಲುದಾರಿಕೆಯ ಬೆಲೆ ತಕ್ಕಡಿಯಲ್ಲೇ ಗೊತ್ತಾಗುತ್ತದೆ. ಒಳನಾಡಿನ ವಿಮಾನಕ್ಕೆ ಸಾಮಾನ್ಯವಾಗಿ 15 ಕೆ.ಜಿ. ಲಗೇಜ್. ವಿದೇಶಕ್ಕೆ ಹಲವು ಕಡೆ 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತಾರೆ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ಒಂದು ಕಂಪನಿಯ ಲಗೇಜ್ ನಿಯಮವೇ ಕೊನೆವರೆಗೂ ನಡೆಯುತ್ತದೆ. ಒಪ್ಪಂದ ಮುಗಿದು ಎರಡು ಟಿಕೆಟ್ ಬೇರೆ ಬೇರೆ ತೆಗೆದರೆ, ಮೊದಲ ಹಾರಾಟಕ್ಕೇ 31 ಕೆ.ಜಿ. ಜಾಸ್ತಿ ತೂಕಕ್ಕೆ ದುಡ್ಡು ಕಟ್ಟಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರೂ ಇಲ್ಲ. ಎರಡನೇ ಕಂಪನಿಯ ಕಣ್ಣಿಗೆ ನೀವು ತಡವಾಗಿ ಬಂದ ಪ್ರಯಾಣಿಕರು, ಅಷ್ಟೆ. ವಿದೇಶದ ನಿಲ್ದಾಣದಲ್ಲಿ ಹೀಗೆ ಬೇರೆ ಟಿಕೆಟ್ ಇದ್ದರೆ ಇನ್ನೂ ಕಷ್ಟ. ಲಗೇಜ್ ತೆಗೆದುಕೊಂಡು ಮತ್ತೆ ಕೊಡಲು ಇಮಿಗ್ರೇಷನ್ ದಾಟಿ ಹೊರಬರಬೇಕು. ಅದಕ್ಕೆ ಆ ದೇಶದ ವೀಸಾವೇ ಬೇಕು. ನಾಲ್ಕೈದು ಸಾವಿರ ಉಳಿಯುತ್ತದೆ ಎಂದು ವಯಸ್ಸಾದವರಿಗೆ ಇಂಥ ಟಿಕೆಟ್ ತೆಗೆಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪರಿಹಾರದ ಹಣಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಹಾರಿಸುವವರು ಮುಖ್ಯ. ಯುರೋಪಿನ ನಿಯಮದಂತೆ ದೂರದ ವಿಮಾನ ತುಂಬ ತಡವಾದರೆ 600 ಯೂರೊವರೆಗೆ ಪರಿಹಾರ ಇದೆ. ಯುರೋಪಿನಿಂದ ಹೊರಡುವಾಗ ಯಾವ ಕಂಪನಿಯಾದರೂ ಇದು ಅನ್ವಯಿಸುತ್ತದೆ. ಭಾರತದಿಂದ ಹೊರಟು ಅಲ್ಲಿಗೆ ಹೋಗುವಾಗ ಹಾರಿಸುವ ಕಂಪನಿ ಯುರೋಪಿನದೇ ಆಗಿರಬೇಕು. ದೆಹಲಿಯಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ ನಂಬರ್ ಇರುವ ಟಿಕೆಟ್ ಕೊಂಡು, ಹಾರಿಸುವವರು ಏರ್ ಇಂಡಿಯಾ ಆಗಿದ್ದರೆ ಈ ನಿಯಮ ಸಿಗುವುದಿಲ್ಲ. ಲುಫ್ತಾನ್ಸಾವೇ ಹಾರಿಸಿದರೆ ಸಿಗುತ್ತದೆ.

ಒಂದೇ ಬುಕಿಂಗ್‌ಗೆ ಎಷ್ಟು ಬಲ ಇದೆ ಅನ್ನುವುದಕ್ಕೆ ಯುರೋಪಿನ ನ್ಯಾಯಾಲಯ 2019ರ ಜುಲೈನಲ್ಲಿ ಕೊಟ್ಟ ತೀರ್ಪು ಒಳ್ಳೆಯ ಉದಾಹರಣೆ. ಪ್ರಾಗ್‌ನಿಂದ ಅಬುಧಾಬಿ ಮೇಲೆ ಬ್ಯಾಂಕಾಕ್‌ಗೆ ಹೊರಟವರ ಪ್ರಕರಣ ಅದು. ಮೊದಲ ವಿಮಾನ ಚೆಕ್ ಏರ್‌ಲೈನ್ಸ್‌ನದು, ಸರಿಯಾದ ಸಮಯಕ್ಕೆ ಹೋಯಿತು. ಎರಡನೆಯದು ಕೋಡ್‌ಶೇರ್‌ನಲ್ಲಿ ಎತಿಹಾದ್ ಹಾರಿಸಿದ್ದು, ಅದು 488 ನಿಮಿಷ ತಡ. ತಪ್ಪು ತನ್ನದಲ್ಲ ಎಂದು ಚೆಕ್ ಏರ್‌ಲೈನ್ಸ್ ವಾದಿಸಿತು. ಇಡೀ ಪ್ರಯಾಣ ಒಂದೇ ಬುಕಿಂಗ್, ಆದ್ದರಿಂದ ಪ್ರಯಾಣಿಕರಿಗೆ ನೀವೇ ಪರಿಹಾರ ಕೊಡಿ, ಬೇಕಾದರೆ ಪಾಲುದಾರರಿಂದ ಆಮೇಲೆ ವಸೂಲಿ ಮಾಡಿಕೊಳ್ಳಿ ಎಂದಿತು ಕೋರ್ಟು.

ಒಪ್ಪಂದ ಮುಗಿದು ವಿಮಾನ ಬದಲಾಗುವುದು ಸಾಮಾನ್ಯವಾಗಿ ವಾರಗಳ ಮುಂಚೆ. 14 ದಿನಕ್ಕಿಂತ ಮುಂಚೆ ತಿಳಿಸಿದರೆ ಯುರೋಪಿನ ನಿಯಮದಲ್ಲೂ ಪರಿಹಾರದ ಹಣ ಇಲ್ಲ. ಆದರೆ ವಿಮಾನ ರದ್ದಾಗಿದ್ದರೆ ದುಡ್ಡು ವಾಪಸ್ ಅಥವಾ ಬೇರೆ ದಾರಿ, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ಉಳಿಯುತ್ತದೆ. ಅಮೆರಿಕಕ್ಕೆ ಹೋಗುವ, ಅಲ್ಲಿಂದ ಬರುವ ವಿಮಾನಗಳಿಗೆ 2024ರಲ್ಲಿ ಬಂದ ನಿಯಮ ಇನ್ನೂ ಸ್ಪಷ್ಟ. ಅಂತರರಾಷ್ಟ್ರೀಯ ಪ್ರಯಾಣ ಆರು ಗಂಟೆ ಅಥವಾ ಹೆಚ್ಚು ಹಿಂದೆಮುಂದೆ ಆದರೆ, ಇಳಿದು ಹತ್ತುವ ಊರು ಜಾಸ್ತಿಯಾದರೆ, ಬೇಡ ಎಂದು ಹೇಳಿ ಪೂರ್ತಿ ದುಡ್ಡು ವಾಪಸ್ ಪಡೆಯಬಹುದು. ಅದಕ್ಕೇ ಬದಲಾವಣೆಯ ಮೇಲ್ ಬಂದ ತಕ್ಷಣ "ಅಕ್ಸೆಪ್ಟ್" ಒತ್ತಬಾರದು. ಒಪ್ಪಿದ ಮೇಲೆ ಕೇಳಲು ಜಾಗ ಇರುವುದಿಲ್ಲ. ಮೊದಲು ಹೊಸ ದಾರಿಯ ಊರು, ವೀಸಾ, ನಡುವಿನ ಸಮಯ ನೋಡಿ.

ಪೆಟ್ಟಿಗೆ ಕಳೆದುಹೋದರೆ ದೇಶಗಳ ನಡುವಿನ ಮಾಂಟ್ರಿಯಲ್ ಒಪ್ಪಂದ ಇದೆ. ಭಾರತ ಅದಕ್ಕೆ 2009ರಲ್ಲಿ ಸೇರಿತು. ಅದರ ಪ್ರಕಾರ ಕೋಡ್‌ಶೇರ್‌ನಲ್ಲಿ ಮಾರಿದ ಏರ್‌ಲೈನ್ ಮತ್ತು ಹಾರಿಸಿದ ಏರ್‌ಲೈನ್, ಇಬ್ಬರಲ್ಲಿ ಯಾರನ್ನಾದರೂ ಕೇಳಬಹುದು. ಪೆಟ್ಟಿಗೆ ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬಾಯಿಮಾತು ನಡೆಯುವುದಿಲ್ಲ.

ಪಾಯಿಂಟ್ಸ್ ಬಗ್ಗೆ ನನ್ನ ಅಭಿಪ್ರಾಯ ಒಂದೇ. ಕೂಡಿಟ್ಟು ಹತ್ತು ವರ್ಷ ಕಾಯಬೇಡಿ. ಕಂಪನಿ ಒಕ್ಕೂಟ ಬದಲಿಸಿದರೆ ಅದರ ಬೆಲೆ ನಿಮ್ಮನ್ನು ಕೇಳದೇ ಬದಲಾಗುತ್ತದೆ.

ಇನ್ನು ಚಿಕ್ಕಮ್ಮನ ವಿಷಯ. ಟಿಕೆಟ್ ಕೊಟ್ಟ ಕಂಪನಿಗೆ ಫೋನ್ ಮಾಡಿ 13 ಅಂಕಿ ಹೇಳಿದೆ. ಬದಲಾವಣೆ ನಿಮ್ಮ ಕಡೆಯಿಂದ ಆಗಿದೆ, ಲಂಡನ್ ದಾರಿಗೆ ಇವರ ಹತ್ತಿರ ವೀಸಾ ಇಲ್ಲ, ಬೇರೆ ದಾರಿ ಕೊಡಿ ಎಂದೆ. ಆ ಕಡೆ ಇದ್ದ ಹುಡುಗಿ ಇಪ್ಪತ್ತು ನಿಮಿಷ ಹುಡುಕಿ, ಒಂದು ದಿನ ಮುಂಚಿನ ವಿಮಾನಕ್ಕೆ ಹಾಕಿದಳು. ಒಂದು ಪೈಸೆ ಜಾಸ್ತಿ ಕೇಳಲಿಲ್ಲ. ಹೊಸ ಟಿಕೆಟ್ ಬಂತು. ಮಂಡಿನೋವು ನೆನಪಾಗಿ ಅದನ್ನು ಮತ್ತೊಮ್ಮೆ ತೆರೆದು ನೋಡಿದರೆ ವೀಲ್‌ಚೇರ್ ಮಾಯ! ವೀಲ್‌ಚೇರ್, ಊಟ, ಸೀಟು ಇವೆಲ್ಲ ಆಯಾ ವಿಮಾನಕ್ಕೆ ಅಂಟಿಕೊಂಡಿರುತ್ತವೆ. ಹಳೆಯ ವಿಮಾನ ಹೋದರೆ ಅವೂ ಅದರ ಜೊತೆ ಹೋಗಿಬಿಡಬಹುದು. ಮತ್ತೆ ಫೋನ್ ಮಾಡಿ ಎರಡೂ ವಿಮಾನಕ್ಕೆ ವೀಲ್‌ಚೇರ್ ಬರೆಸಿದೆ. ಹಾರಿಸುವ ಇನ್ನೊಂದು ಕಂಪನಿಯ ಪಿಎನ್‌ಆರ್ ಕೂಡ ಕೇಳಿ ತೆಗೆದುಕೊಂಡು, ಅವರ ವೆಬ್‌ಸೈಟ್‌ನಲ್ಲೂ ಅದು ಕಾಣುತ್ತಿದೆಯಾ ಎಂದು ನೋಡಿದೆ. ಕಾಣುತ್ತಿತ್ತು. ಎರಡೂ ಪಿಎನ್‌ಆರ್, ಟಿಕೆಟ್ ನಂಬರ್, ಮಗಳ ಫೋನ್ ನಂಬರ್ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಚಿಕ್ಕಮ್ಮನ ಪರ್ಸಿನಲ್ಲಿ, ಪಾಸ್‌ಪೋರ್ಟ್ ಪಕ್ಕದಲ್ಲಿ ಇಟ್ಟೆ.